ಕಟ್ಟೆಯ ಹೊರಗಿನ ಕಾಂಡ್ಲಾ

ಸಿರಸಿಯ ಸೀಮೆಯಲ್ಲಿ ಹುಟ್ಟುವ ಅಘನಾಶಿನಿಯು ಘಟ್ಟ ಇಳಿದು ಕುಮಟಾ ತಾಲ್ಲೂಕಿಗೆ ಬಂದ ಮೇಲೆ, ತದಡಿಯ ಬಳಿ ಸಮುದ್ರ ಸೇರುವವರೆಗೂ ಅಗಲವಾಗಿ, ನಿಧಾನವಾಗಿ ಹರಡಿಕೊಳ್ಳುತ್ತದೆ. ಈ ಅಳಿವೆಯ ಎರಡೂ ದಡಗಳಲ್ಲಿರುವ ತಗ್ಗು ಗದ್ದೆಗಳನ್ನು ನಾವು ಗಜನಿ ಎನ್ನುತ್ತೇವೆ. ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಬತ್ತ ಬೆಳೆಯುತ್ತದೆ. ಕೊಯ್ಲು ಮುಗಿದ ಮೇಲೆ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡರೆ ಸಿಗಡಿಯೂ ಮೀನೂ ಬೆಳೆಯುತ್ತವೆ. ನದಿಗೂ ಗದ್ದೆಗೂ ನಡುವೆ ಇರುವುದು ಒಂದು ಕಟ್ಟೆ, ಆ ಕಟ್ಟೆಯಲ್ಲಿ ಅಲ್ಲಲ್ಲಿ ನೀರನ್ನು ಬಿಡುವ ಮತ್ತು ತಡೆಯುವ ಹಲಗೆಯ ಬಾಗಿಲು, ಅಂದರೆ ಜಂತ್ರಡೆ. ಕಟ್ಟೆ ಒಡೆಯಿತೆಂದರೆ ಆ ವರ್ಷ ಬತ್ತವೂ ಇಲ್ಲ, ಮೀನಿನ ಹರಾಜೂ ಇಲ್ಲ, ಹಿತ್ತಿಲ ಬಾವಿಯ ನೀರೂ ಬಾಯಿಗಿಡುವಂತಿಲ್ಲ.

ನಾನು ಈ ಭಾಗದ ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ತಂದೆಯಿಂದ ಬಂದ ಸಣ್ಣದೊಂದು ಗಜನಿಯ ಪಾಲಿದೆ ಎಂಬ ಕಾರಣಕ್ಕೆ, ಅದಕ್ಕಿಂತ ಹೆಚ್ಚಾಗಿ ಅರ್ಜಿ ಬರೆಯಲು ಬರುತ್ತದೆ ಎಂಬ ಕಾರಣಕ್ಕೆ, ನಮ್ಮ ಗಜನಿ ಸಮಿತಿಯ ಕಾಗದಪತ್ರಗಳ ಹೊಣೆ ನನಗೆ ಬಂತು. ಕಟ್ಟೆಯ ನದಿಯ ಬದಿಗೆ ಕಾಂಡ್ಲಾ, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರ, ಬೆಳೆಸಿ ಕೊರೆತವನ್ನು ತಡೆಯಲು ನಾವು ನಡೆಸಿದ ಕೆಲಸದ ವಿವರಗಳನ್ನು ಕೇಳಿಕೊಂಡು ಬೇರೆ ಊರುಗಳ ಗಜನಿಯವರು ಆಗಾಗ ಬರುತ್ತಾರೆ. ಅವರಿಗೆ ಬಾಯಲ್ಲಿ ಹೇಳುತ್ತಾ ಬಂದದ್ದನ್ನೇ ಇಲ್ಲಿ ಸ್ವಲ್ಪ ವ್ಯವಸ್ಥಿತವಾಗಿ ಬರೆಯುತ್ತಿದ್ದೇನೆ.

2019ರ ಆಗಸ್ಟ್ ತಿಂಗಳಲ್ಲಿ ಉತ್ತರ ಕನ್ನಡದ ನದಿಗಳೆಲ್ಲ ಉಕ್ಕಿ ಹರಿದಾಗ ನಮ್ಮ ಕಟ್ಟೆಯೂ ಕುಸಿಯಿತು. ನೆರೆ ಇಳಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಈ ಸಲ ಮಣ್ಣು ಹಾಕುವುದು ಬೇಡ, ಉದ್ದಕ್ಕೂ ಕಲ್ಲು ಕಟ್ಟಿಸೋಣ. ಆ ಮಾತಿನಲ್ಲಿ ತಪ್ಪೇನಿರಲಿಲ್ಲ, ಏಕೆಂದರೆ ಕಲ್ಲಿನ ಕಟ್ಟೆ ಕಣ್ಣಿಗೆ ಕಾಣುತ್ತದೆ, ಅಂದಾಜುಪಟ್ಟಿಯಲ್ಲಿ ಬರೆಯಲು ಬರುತ್ತದೆ, ಉದ್ಘಾಟನೆಗೂ ಒದಗುತ್ತದೆ. ಆದರೆ ನಮ್ಮ ಕಟ್ಟೆಯ ಒಂದು ಭಾಗಕ್ಕೆ ಹಿಂದೆಯೇ ಚಿರೇಕಲ್ಲಿನ ಗೋಡೆ ಕಟ್ಟಲಾಗಿತ್ತು, ಮತ್ತು ಕುಸಿತ ಆದದ್ದು ಆ ಗೋಡೆ ಮುಗಿಯುವ ಜಾಗದಲ್ಲೇ. ಗೋಡೆಗೆ ಬಡಿದ ಅಲೆ ಅಲ್ಲೇ ಸಾಯುವುದಿಲ್ಲ. ಹಿಂದಕ್ಕೆ ತಿರುಗಿ ಗೋಡೆಯ ಬುಡದ ಕೆಸರನ್ನು ಎತ್ತಿಕೊಂಡು ಹೋಗುತ್ತದೆ, ಗೋಡೆಯ ತುದಿಯಲ್ಲಿ ಸುತ್ತಿ ಪಕ್ಕದ ಮಣ್ಣನ್ನು ಕೊರೆಯುತ್ತದೆ. ಇಳಿತದ ಹೊತ್ತಿಗೆ ದೋಣಿಯಲ್ಲಿ ಹೋಗಿ ನೋಡಿದರೆ ಗೋಡೆಯ ಬುಡದಲ್ಲಿ ಆಳದ ಗುಂಡಿ, ಅದರ ಮೇಲೆ ಅಡಿಪಾಯವಿಲ್ಲದೆ ನಿಂತ ಕಲ್ಲಿನ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು. ಅದೇ ಕಟ್ಟೆಯ ಇನ್ನೊಂದು ಬದಿಯಲ್ಲಿ, ಯಾರೂ ನೆಡದೆ ತಾನಾಗಿ ಬೆಳೆದಿದ್ದ ಹಳೆಯ ಕಾಂಡ್ಲಾ ಮತ್ತು ಅದೇ ಬಗೆಯ ಉಪ್ಪುನೀರಿನ ಮರವಾದ ಉಪ್ಪಟ್ಟಿಗಳ ಹಿಂದಿನ ಹಸಿ ಮಣ್ಣಿನ ಕಟ್ಟೆಗೆ ನೆರೆಯಲ್ಲಿ ಗೀರು ಕೂಡ ಬಿದ್ದಿರಲಿಲ್ಲ.

ಇದನ್ನು ಸಮಿತಿಯ ಮುಂದೆ ಇಟ್ಟಾಗ ಹಿರಿಯರಿಗೆ ಆಶ್ಚರ್ಯವೇನೂ ಆಗಲಿಲ್ಲ. ಕಟ್ಟೆಯನ್ನು ಊರವರೇ ಕಟ್ಟುತ್ತಿದ್ದ ಕಾಲದಲ್ಲಿ ಅದರ ಹೊರಮೈಗೆ ಕಾಂಡ್ಲಾ ಕಾಯಿ ಚುಚ್ಚುವುದು ವಾಡಿಕೆಯಾಗಿತ್ತಂತೆ. ಆಮೇಲೆ ಸರ್ಕಾರದ ಯೋಜನೆಯ ಕಟ್ಟೆಗಳು ಬಂದವು, ಸಿಗಡಿ ಸಾಕಣೆಯ ಗುತ್ತಿಗೆಗಳು ಬಂದವು, ಸೌದೆಗೆ ಮರ ಕಡಿದದ್ದೂ ಆಯಿತು. ನಾನು ಓದಿ ತಿಳಿದುಕೊಂಡಂತೆ, ಅಮೆರಿಕದ ಚೆಸಪೀಕ್ ಕೊಲ್ಲಿಯ ದಂಡೆಯಲ್ಲಿರುವ ಮೇರಿಲ್ಯಾಂಡ್ ರಾಜ್ಯದಲ್ಲಿ 2008ರಲ್ಲಿ ಬಂದ ಕಾನೂನಿನ ಪ್ರಕಾರ ದಡ ಉಳಿಸಿಕೊಳ್ಳಬೇಕಾದವನು ಮೊದಲು ಜೌಗು ಹುಲ್ಲು, ತೆಂಗಿನ ನಾರಿನ ಉರುಳೆ ಮುಂತಾದ ಜೀವಂತ ದಂಡೆಯ ವಿಧಾನವನ್ನೇ ಅನುಸರಿಸಬೇಕು; ಅದು ಆ ಜಾಗಕ್ಕೆ ಹೊಂದುವುದಿಲ್ಲವೆಂದು ತೋರಿಸಿಕೊಟ್ಟರೆ ಮಾತ್ರ ಗೋಡೆಗೆ ಅನುಮತಿ. ಅವರಲ್ಲಿ ಹುಲ್ಲು ಮಾಡುವ ಕೆಲಸವನ್ನು ನಮ್ಮ ಉಷ್ಣವಲಯದಲ್ಲಿ ಕಾಂಡ್ಲಾ ಮಾಡುತ್ತದೆ. ಕಾಂಡ್ಲಾ ಕಾಡಿನ 100 ಮೀಟರ್ ಅಗಲದ ಪಟ್ಟಿಯನ್ನು ದಾಟುವಷ್ಟರಲ್ಲಿ ಅಲೆಯ ಎತ್ತರ 13ರಿಂದ 66 ಪ್ರತಿಶತದವರೆಗೆ ತಗ್ಗುತ್ತದೆಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಈ ಎರಡು ಅಂಕಿಗಳ ನಡುವಿನ ಅಂತರವೇ ನನಗೆ ಮುಖ್ಯವಾಗಿ ತೋರಿತು. ಮರದ ಜಾತಿ, ಬೇರಿನ ದಟ್ಟಣೆ, ನೀರಿನ ಆಳ, ಇವುಗಳ ಮೇಲೆ ಫಲ ಅಷ್ಟು ಬದಲಾಗುವುದಾದರೆ, ಎಲ್ಲಿ ಏನು ನೆಡುತ್ತೇವೆ ಎಂಬುದನ್ನು ಅವಸರದಲ್ಲಿ ತೀರ್ಮಾನಿಸುವಂತಿಲ್ಲ. ನಮಗಂತೂ 100 ಮೀಟರ್ ಜಾಗವೇ ಇರಲಿಲ್ಲ. ಕಟ್ಟೆಯ ಮುಂದೆ ಕೆಸರು ದಂಡೆ ಕೆಲವೆಡೆ ಹತ್ತಿಪ್ಪತ್ತು ಮೀಟರ್, ಕೆಲವೆಡೆ ಅದೂ ಇಲ್ಲ.

ಮೊದಲ ಕೆಲಸ ದಂಡೆಯ ಎತ್ತರವನ್ನು ಅಳೆಯುವುದಾಗಿತ್ತು. ಲೋಕದ ಅನೇಕ ಕಡೆ, ವಿಶೇಷವಾಗಿ ಫಿಲಿಪ್ಪೀನ್ಸ್‌ನಲ್ಲಿ, ದೊಡ್ಡ ದೊಡ್ಡ ಕಾಂಡ್ಲಾ ನೆಡುತೋಪುಗಳ ಬಹುಪಾಲು ಸಸಿಗಳು ಸತ್ತದ್ದಕ್ಕೆ ಮುಖ್ಯ ಕಾರಣ ಅವುಗಳನ್ನು ತೀರಾ ಕೆಳಗಿನ ಕೆಸರು ಬಯಲಿನಲ್ಲಿ ನೆಟ್ಟದ್ದು. ಅಂಥ ಬಯಲು ಖಾಲಿಯಾಗಿ ಕಾಣುತ್ತದೆ, ಯಾರ ಹೆಸರಿನಲ್ಲೂ ಇರುವುದಿಲ್ಲ, ಆದ್ದರಿಂದ ನೆಡುವವರಿಗೆ ಅನುಕೂಲ. ಆದರೆ ಕಾಂಡ್ಲಾ ಉಪ್ಪುನೀರಿನ ಮರವೇ ಹೊರತು ನೀರೊಳಗಿನ ಮರವಲ್ಲ. ದಿನದ ಹೆಚ್ಚಿನ ಹೊತ್ತು ಅದರ ಬೇರಿಗೆ ಗಾಳಿ ಸಿಗಬೇಕು. ಅದು ಸಹಜವಾಗಿ ಬೆಳೆಯುವುದು ಉಬ್ಬರ-ಇಳಿತಗಳ ನಡುವಿನ ಜಾಗದ ಮೇಲಿನ ಅರ್ಧದಲ್ಲಿ.

ಕಾರವಾರದ ಕಡೆಯ ಕರಾವಳಿಯಲ್ಲಿ ಅಮಾವಾಸ್ಯೆ-ಹುಣ್ಣಿಮೆಗಳ ಉಬ್ಬರಕ್ಕೂ ಇಳಿತಕ್ಕೂ ಸುಮಾರು 2 ಮೀಟರ್ ಅಂತರವಿರುತ್ತದೆ. ಈ 2 ಮೀಟರಿನಲ್ಲಿ ನಮ್ಮ ದಂಡೆ ಎಲ್ಲಿದೆ ಎಂದು ತಿಳಿಯಲು ದುಬಾರಿ ಉಪಕರಣವೇನೂ ಬೇಕಾಗಲಿಲ್ಲ. ಮನೆ ಕಟ್ಟುವ ಮೇಸ್ತ್ರಿಗಳ ಬಳಿ ಇರುವ, ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪೇ ಸಾಕಾಯಿತು. ಹಳೆಯ ಮರಗಳ ಸಾಲಿನಲ್ಲಿ ಅತ್ಯಂತ ಕೆಳಗೆ, ನದಿಯ ಕಡೆಗೆ ಬೇರೂರಿದ್ದ ಗಿಡದ ಬುಡವನ್ನು ಗುರುತು ಎಂದು ಇಟ್ಟುಕೊಂಡು, ಅಲ್ಲಿಂದ ಪೈಪು ಹಿಡಿದು ಕಟ್ಟೆಯುದ್ದಕ್ಕೂ ಬಿದಿರ ಗಳಗಳನ್ನು ನೆಟ್ಟು, ಅದೇ ಮಟ್ಟಕ್ಕೆ ಕೆಂಪು ಬಣ್ಣದ ಗೆರೆ ಎಳೆದೆವು. ಗೆರೆ ಕೆಸರಿಗೆ ತಾಗಿದ ಕಡೆ ನೇರವಾಗಿ ನೆಡಬಹುದು. ಗೆರೆಗಿಂತ ಕೆಸರು ಒಂದು ಗೇಣು ಕೆಳಗಿದ್ದರೆ ಮೊದಲು ಕೆಸರು ಕೂರುವಂತೆ ಮಾಡಬೇಕು. ಮೊಳಕ್ಕಿಂತ ಕೆಳಗಿದ್ದರೆ ಆ ಜಾಗವನ್ನು ಬಿಟ್ಟುಬಿಡಬೇಕು. ಮೂರನೆಯ ಬಗೆಯ ಜಾಗ ನಾವು ಎಣಿಸಿದ್ದಕ್ಕಿಂತ ಹೆಚ್ಚಿತ್ತು. ನದಿಯ ತಿರುವಿನಲ್ಲಿ, ಸೆಳವು ಕಟ್ಟೆಗೆ ಒತ್ತಿಕೊಂಡೇ ಹರಿಯುವ ಕಡೆಯಲ್ಲಿ, ಗಳ ಊರಲು ಕೂಡ ಆಗಲಿಲ್ಲ. ಅಲ್ಲಿ ಕಲ್ಲೇ ಇರಲಿ ಎಂದು ಅಂದೇ ನಿರ್ಧರಿಸಿದೆವು. ಜೀವಂತ ದಂಡೆಯ ಪರ ಮಾತನಾಡುವ ಕೆಲವರಿಗೆ ಕಲ್ಲೆಂದರೆ ವೈರಿ. ನನಗೆ ಆ ಹಟವಿಲ್ಲ.

ಎರಡನೆಯ ಕೆಲಸ ಜನರದು, ಅದಕ್ಕೆ ಹಿಡಿದ ಕಾಲವೇ ಹೆಚ್ಚು. ಕಟ್ಟೆಯ ಮುಂದಿನ ಕೆಸರು ದಂಡೆ ನಕ್ಷೆಯಲ್ಲಿ ಖಾಲಿ. ಆದರೆ ಅದರಾಚೆಗಿನ ಮರಳು ಬೆರೆತ ದಿಬ್ಬಗಳಲ್ಲಿ ಹೆಂಗಸರು ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ತೆಗೆಯುತ್ತಾರೆ. ಅಘನಾಶಿನಿಯ ಬಳಚು ನೂರಾರು ಮನೆಗಳ ಒಲೆ ಉರಿಸುತ್ತದೆ. ಕಾಂಡ್ಲಾ ಎಂದ ಕೂಡಲೇ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಭೆಯಲ್ಲಿ ಎದ್ದು ನಿಂತು, "ಅಕ್ಕೋರೇ, ನಿಮ್ಮ ಕಟ್ಟೆ ಉಳೀತು ಅಂತೇ ಇಟ್ಕಣಿ, ನಾವು ಬಳಚು ಎಲ್ಲಿ ತೆಗೂದು?" ಎಂದು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದು. ಬೇರು ಹಬ್ಬಿ ಕೆಸರು ಕೂತರೆ ಮರಳಿನ ದಿಬ್ಬ ಕೆಸರಿನ ದಿಬ್ಬವಾಗುತ್ತದೆ, ಅಲ್ಲಿ ಬಳಚು ನಿಲ್ಲುವುದಿಲ್ಲ. ಮುಂದಿನ ಇಳಿತದಲ್ಲಿ ಆ ಹೆಂಗಸರೇ ನಮ್ಮೊಂದಿಗೆ ಬಂದು ತಾವು ತೆಗೆಯುವ ಜಾಗದ ಗಡಿಗೆ ಗಳ ಊರಿದರು. ನಮ್ಮ ಕೆಂಪು ಗೆರೆಯ ಲೆಕ್ಕಕ್ಕೂ ಅವರ ಗಡಿಗೂ ಹೆಚ್ಚಿನ ಜಗಳ ಬರಲಿಲ್ಲ, ಏಕೆಂದರೆ ಬಳಚು ಇರುವುದು ಕಾಂಡ್ಲಾ ಬದುಕಲಾರದಷ್ಟು ಕೆಳಗಿನ ಮಟ್ಟದಲ್ಲಿ. ತಗಾದೆ ಉಳಿದದ್ದು ದೋಣಿ ಕಟ್ಟುವ ಜಾಗ ಮತ್ತು ಎಮ್ಮೆಗಳು ನೀರಿಗಿಳಿಯುವ ದಾರಿಗಳ ವಿಷಯದಲ್ಲಿ. ಅವನ್ನೆಲ್ಲ ನೆಡುವ ಸಾಲಿನಿಂದ ಬಿಟ್ಟೆವು. ಜಂತ್ರಡೆಯ ಬಾಯಿಯ ಎರಡೂ ಬದಿಗೆ ಕಾಲುವೆಯ ಅಗಲದಷ್ಟು ಜಾಗವನ್ನೂ ಬಿಡಬೇಕೆಂದು ಗಜನಿಯವರು ಕೇಳಿದರು. ಅದು ಸರಿಯಾದ ಮಾತೇ. ಕಾಲುವೆಯಲ್ಲಿ ಗಿಡ ಎದ್ದು ನೀರು ಹೊರಗೆ ಹೋಗದಿದ್ದರೆ ಮಳೆಗಾಲದಲ್ಲಿ ಗಜನಿಯೇ ಮುಳುಗುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ವಿರೋಧ ಬೇರೆಯದೇ ಆಗಿತ್ತು. ಕಾಂಡ್ಲಾ ಬೆಳೆದರೆ ಜಮೀನು ಸರ್ಕಾರದ ಪಾಲಾಗುತ್ತದೆ ಎಂಬ ಭಯ. ಈ ಭಯಕ್ಕೆ ಆಧಾರವಿಲ್ಲದಿಲ್ಲ. 2019ರ ಜನವರಿಯಲ್ಲಿ ಹೊರಬಿದ್ದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಂತೆ ಕಾಂಡ್ಲಾ ಕಾಡು ಅತ್ಯಂತ ಸೂಕ್ಷ್ಮವಾದ ಮೊದಲ ವರ್ಗಕ್ಕೆ ಸೇರುತ್ತದೆ. ಅದರ ವಿಸ್ತಾರ 1,000 ಚದರ ಮೀಟರಿಗಿಂತ ಹೆಚ್ಚಿದ್ದರೆ ಅಂಚಿನ 50 ಮೀಟರ್ ಪಟ್ಟಿಯನ್ನೂ ರಕ್ಷಿಸಬೇಕೆಂಬ ಮಾತು ಅದರಲ್ಲಿದೆ. 50 ಮೀಟರ್ ಎಂದರೆ ಕಟ್ಟೆ ದಾಟಿ ಗದ್ದೆಯೊಳಗೆ ಬರುವ ಲೆಕ್ಕ. ನಾಳೆ ಜಂತ್ರಡೆ ರಿಪೇರಿ ಮಾಡಲೂ ಯಾರದೋ ಸಹಿ ಬೇಕಾದೀತು ಎಂದು ರೈತ ಹೆದರಿದರೆ ಅವನನ್ನು ಪರಿಸರದ ಶತ್ರು ಎನ್ನುವುದು ಸುಲಭ, ಅನ್ಯಾಯ ಕೂಡ. ನಾವು ಗ್ರಾಮಸಭೆಯಲ್ಲಿ ಒಂದು ಠರಾವು ಬರೆಸಿದೆವು: ನೆಡುವುದು ಕಟ್ಟೆಯ ಹೊರಮೈಗೆ ಮಾತ್ರ, ಗಜನಿಯ ಒಳಗೆ ತಾನಾಗಿ ಹುಟ್ಟಿದ ಗಿಡವನ್ನು ಈ ಕೆಲಸದ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ, ಕಟ್ಟೆ, ಜಂತ್ರಡೆ ಮತ್ತು ಕಾಲುವೆಗಳ ದುರಸ್ತಿ ಹಿಂದಿನಿಂದ ನಡೆದುಬಂದ ಹಾಗೆ ನಡೆಯತಕ್ಕದ್ದು. ಇಂಥ ಠರಾವು ಅಧಿಸೂಚನೆಯನ್ನು ಮೀರಲಾರದು ಎಂಬುದು ನನಗೆ ಗೊತ್ತು, ಸಭೆಯಲ್ಲೂ ಅದನ್ನು ಮುಚ್ಚಿಡಲಿಲ್ಲ. ಆದರೂ ಮೊದಲಿನಿಂದ ಏನಿತ್ತು ಎಂಬುದಕ್ಕೆ ತಾರೀಖು ಹಾಕಿದ ಒಂದು ದಾಖಲೆ ಇರುವುದು ಮುಂದೆ ವಾದ ಬಂದಾಗ ನೆರವಾಗುತ್ತದೆ. ಇಷ್ಟಾದರೂ ಒಬ್ಬ ಹಿರಿಯ ಪಾಲುದಾರರು ಒಪ್ಪಲಿಲ್ಲ. ಅವರ ಪಾಲಿನ ಎದುರಿನ ಭಾಗವನ್ನು ಬಿಟ್ಟೇ ನೆಟ್ಟೆವು, ಇಂದಿಗೂ ಸಾಲಿನಲ್ಲಿ ಆ ತೆರಪು ಹಾಗೇ ಇದೆ.

ಅರ್ಜಿಯ ಹಾದಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನದಿಯ ದಂಡೆ ಯಾರ ವ್ಯಾಪ್ತಿಗೆ ಬರುತ್ತದೆ ಎಂಬ ಪ್ರಶ್ನೆಗೆ ಒಂದು ಕಚೇರಿ ಇನ್ನೊಂದರ ಕಡೆ ಕೈ ತೋರಿಸಿತು, ಅದು ಮೂರನೆಯದರ ಕಡೆ. ಒಂದು ಕಡೆಯಂತೂ ನಮ್ಮ ಕಡತವೇ ಕಳೆದುಹೋಗಿ ಎಲ್ಲ ಪ್ರತಿಗಳನ್ನು ಮತ್ತೆ ಕೊಡಬೇಕಾಯಿತು. ಇಂಥ ಕೆಲಸಕ್ಕೆ ಹೊರಡುವವರು ಪ್ರತಿ ಕಾಗದಕ್ಕೂ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದು ಒಳ್ಳೆಯದು. ಕೊನೆಗೆ ದಾರಿ ತೆರೆದದ್ದು ಅರಣ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿಯಿಂದ; ಗ್ರಾಮ ಅರಣ್ಯ ಸಮಿತಿಯ ಮೂಲಕ ಕೆಲಸ ಮಾಡಿದರೆ ಅವರ ನೆಡುತೋಪಿನ ಕಾರ್ಯಕ್ರಮದೊಳಗೆ ಸೇರಿಸಬಹುದೆಂದು ಅವರೇ ಸೂಚಿಸಿದರು.

ಗೆರೆಗಿಂತ ಕೆಸರು ತಗ್ಗಾಗಿದ್ದ ಕಡೆ ಮೊದಲು ಬೇಲಿ ಹಾಕಿದೆವು. ಜಾವಾ ದ್ವೀಪದ ದೆಮಾಕ್ ಎಂಬಲ್ಲಿ ಸಮುದ್ರ ನುಂಗಿದ ದಂಡೆಯನ್ನು ಹಿಂದಕ್ಕೆ ಪಡೆಯಲು ಬಿದಿರು ಮತ್ತು ಸೊಪ್ಪಿನ ಕಟ್ಟುಗಳ ಬೇಲಿಗಳನ್ನು ಕಟ್ಟಿದ್ದಾರೆ. ನೀರು ಅದರ ಮೂಲಕ ಹಾದುಹೋಗುತ್ತದೆ, ಆದರೆ ಅಲೆ ಸೊರಗುತ್ತದೆ, ಸೊರಗಿದ ನೀರು ತಾನು ಹೊತ್ತ ಮಣ್ಣನ್ನು ಇಳಿಸುತ್ತದೆ. ನಾವು ಮಾಡಿದ್ದೂ ಇದನ್ನೇ. ಬೇಸಿಗೆಯ ಹುಣ್ಣಿಮೆಗಳ ದೊಡ್ಡ ಇಳಿತದಲ್ಲಿ ಎರಡು ಸಾಲು ಬಿದಿರ ಗಳ ಹುಗಿದು, ನಡುವೆ ತೆಂಗಿನ ಮಡಲು ಮತ್ತು ಗಾಳಿಮರದ ಟೊಂಗೆಗಳನ್ನು ಒತ್ತಿ ತುಂಬಿ, ಕತ್ತದ ಹಗ್ಗದಲ್ಲಿ ಬಿಗಿದೆವು. ಪ್ಲಾಸ್ಟಿಕ್ ಹಗ್ಗ ಅಗ್ಗವಾಗಿತ್ತು, ಬಾಳಿಕೆಯೂ ಹೆಚ್ಚು. ಆದರೆ ಬೇಲಿ ಕೊಳೆತ ಮೇಲೂ ನದಿಯಲ್ಲಿ ಉಳಿಯುವ ವಸ್ತು ಬೇಡವೆಂದು ಬಿಟ್ಟೆವು. ಮರ ಕೊರೆಯುವ ಸಮುದ್ರದ ಹುಳ ಬಿದಿರನ್ನು ಎರಡನೆಯ ವರ್ಷದ ಹೊತ್ತಿಗೆ ಜರಡಿ ಮಾಡಿಬಿಡುತ್ತದೆ, ಆದ್ದರಿಂದ ಈ ಬೇಲಿಯನ್ನು ಶಾಶ್ವತವೆಂದು ಯಾರಿಗೂ ಹೇಳಬಾರದು. ಸಸಿಗಳು ತಮ್ಮ ಕಾಲ ಮೇಲೆ ನಿಲ್ಲುವವರೆಗೆ ಅದು ತಡೆದರೆ ಸಾಕು.

ಬೇಲಿಯ ಹಿಂದೆ ಮಣ್ಣು ಕೂರಬೇಕಾದರೆ ನದಿ ಮಣ್ಣು ತರಬೇಕು. ಈ ವಿಷಯದಲ್ಲಿ ನಾವು ಅದೃಷ್ಟವಂತರು. ಶರಾವತಿಗೂ ಕಾಳಿಗೂ ದೊಡ್ಡ ಅಣೆಕಟ್ಟುಗಳಿವೆ, ಅಘನಾಶಿನಿಗೆ ಇಲ್ಲ. ಘಟ್ಟದ ಮಣ್ಣು ಮಳೆಗಾಲದಲ್ಲಿ ತಡೆಯಿಲ್ಲದೆ ಅಳಿವೆಗೆ ಇಳಿಯುತ್ತದೆ, ಜೂನ್ ನಂತರ ನೀರು ಹೆಚ್ಚುಕಡಿಮೆ ಸಿಹಿಯಾಗಿ, ದೀಪಾವಳಿಯ ಮೇಲೆ ಮತ್ತೆ ಉಪ್ಪಾಗುತ್ತದೆ. ಕೆಂಪು ನೀರು ಬಂದ ಆ ಮೊದಲ ಮಳೆಗಾಲದಲ್ಲೇ ಬೇಲಿಯ ಒಳಬದಿಯಲ್ಲಿ ಕೆಸರು ಗೆರೆಯ ಹತ್ತಿರಕ್ಕೆ ಬಂದ ಜಾಗಗಳಿದ್ದವು. ಅಣೆಕಟ್ಟಿರುವ ನದಿಯ ದಡದವರು ನಮ್ಮ ಬೇಲಿಯನ್ನು ನಕಲು ಮಾಡುವ ಮೊದಲು ತಮ್ಮ ನದಿ ಏನನ್ನು ಹೊತ್ತು ತರುತ್ತದೆ ಎಂಬುದನ್ನು ಒಂದು ಮಳೆಗಾಲವಾದರೂ ನೋಡಬೇಕು.

ಬೀಜದ ವಿಷಯಕ್ಕೆ ಬರುತ್ತೇನೆ. ಕಾಂಡ್ಲಾದ ವಿಶೇಷವೆಂದರೆ ಅದರ ಬೀಜ ತಾಯಿಮರದಲ್ಲೇ ಮೊಳೆತು ಮೊಳದುದ್ದದ ಹಸಿರು ಕೋಲಾಗಿ ತೂಗುತ್ತದೆ. ನಮ್ಮಲ್ಲಿ ಅದು ಬಲಿಯುವುದು ಮಳೆಗಾಲದಲ್ಲಿ. ತೊಟ್ಟಿನ ಬುಡದಲ್ಲಿ ಹಳದಿ ಉಂಗುರ ಕಾಣಿಸಿಕೊಂಡ, ಮುಟ್ಟಿದರೆ ಕಳಚಿ ಬರುವ ಕಾಯಿಯನ್ನೇ ಕೀಳಬೇಕು. ಎಳೆದು ಕಿತ್ತ ಎಳೆಯ ಕಾಯಿ ನೆಟ್ಟರೂ ಬೇರು ಬಿಡುವುದಿಲ್ಲ. ಹುಳ ಕೊರೆದ ತೂತಿರುವುದನ್ನು, ತುದಿ ಮುರಿದುದನ್ನು ಆರಿಸಿ ಬಿಸಾಡಿ, ಉಳಿದದ್ದನ್ನು ಒದ್ದೆ ಗೋಣಿಯಲ್ಲಿ ನೆರಳಿನಲ್ಲಿಟ್ಟು ಬೇಗ ನೆಡಬೇಕು. ಬೇರೆ ಅಳಿವೆಯಿಂದ ಕಾಯಿ ತರಿಸಿಕೊಡುತ್ತೇವೆಂದು ಒಬ್ಬರು ಮುಂದೆ ಬಂದರೂ ನಾವು ನಮ್ಮ ಹೊಳೆಯ ಮರಗಳದ್ದನ್ನೇ ಆಯ್ದುಕೊಂಡೆವು. ಈ ನೀರಿನ ಸಿಹಿ-ಉಪ್ಪಿನ ಏರಿಳಿತಕ್ಕೆ ಹೊಂದಿದ ಮರದ ಮಕ್ಕಳು ಇಲ್ಲಿ ಬಾಳುವುದು ಹೆಚ್ಚು ಖಚಿತ.

ಉಪ್ಪಟ್ಟಿಯ ಬೀಜ ಚಿಕ್ಕದು, ಅವರೆಕಾಳಿನ ಆಕಾರದ್ದು, ಅಲೆಗೆ ತೇಲಿಹೋಗುತ್ತದೆ. ಅದನ್ನು ಕಟ್ಟೆಯ ಮೂಲೆಯೊಂದರಲ್ಲಿ, ಉಬ್ಬರದ ನೀರು ಬಂದು ತಾನೇ ತೋಯಿಸಿ ಹೋಗುವ ಎತ್ತರದಲ್ಲಿ, ಕೆಸರು ತುಂಬಿದ ಚೀಲಗಳಲ್ಲಿ ಮೊಳೆಯಿಸಿ ಮರುವರ್ಷಕ್ಕೆ ಇಟ್ಟುಕೊಂಡೆವು. ಎಲ್ಲರೂ ಕಾಂಡ್ಲಾವನ್ನೇ ನೆಡಲು ಇಷ್ಟಪಡುವುದಕ್ಕೆ ಕಾರಣ ಸರಳ: ಕಾಯಿ ಕೀಳು, ಚುಚ್ಚು, ಮುಗಿಯಿತು, ಭಾವಚಿತ್ರಕ್ಕೂ ಸಾಲು ಅಂದವಾಗಿ ಬರುತ್ತದೆ. ಆದರೆ ಒಂದೇ ಜಾತಿಯ ಸಾಲು ಅಲೆಯನ್ನು ಒಂದೇ ರೀತಿಯಲ್ಲಿ ತಡೆಯುತ್ತದೆ. ಕಾಂಡ್ಲಾದ ಊರುಗೋಲು ಬೇರುಗಳು ನದಿಯ ಬದಿಗೆ, ಅದರ ಹಿಂದೆ ನೆಲದಿಂದ ಮೊಳೆಗಳಂತೆ ಮೇಲೇಳುವ ಉಪ್ಪಟ್ಟಿಯ ಉಸಿರುಬೇರುಗಳು, ಕಟ್ಟೆಯ ಬುಡಕ್ಕೆ ಮುಳ್ಳಿನ ಹೊಳೆಚುಳ್ಳಿ, ಹೀಗೆ ಮೂರು ಪಟ್ಟಿಯಾಗಿ ಬೆಳೆಸುವುದು ನಮ್ಮ ಉದ್ದೇಶವಾಗಿತ್ತು. ಹೊಳೆಚುಳ್ಳಿಯನ್ನು ನೆಡಬೇಕಾಗಲಿಲ್ಲ, ದನ ತಿನ್ನದ ಆ ಪೊದೆ ತಾನೇ ಬಂತು.

ನೆಟ್ಟದ್ದು ಆಗಸ್ಟ್ ಕೊನೆಯಿಂದ, ನೆರೆಯ ಸೆಳವು ಇಳಿದ ಮೇಲೆ. ಕಾಯಿಯ ಮೂರನೆಯ ಒಂದು ಭಾಗ ಕೆಸರಿನೊಳಗೆ, ಚೂಪು ತುದಿ ಕೆಳಗೆ, ಸಾಲಿನಿಂದ ಸಾಲಿಗೆ ಸುಮಾರು ಒಂದು ಮೀಟರ್. ಕೆಲಸ ನೋಡಲು ಸುಲಭ. ತೊಡೆಮಟ್ಟದ ಕೆಸರಿನಲ್ಲಿ ಮುರಿದ ಕಲ್ಗಾ ಚಿಪ್ಪುಗಳ ನಡುವೆ ನಡೆಯುವುದು ಸುಲಭವಲ್ಲ. ಶಾಲೆಯ ಮಕ್ಕಳನ್ನು ಕರೆತರುವ ಉತ್ಸಾಹ ಕೆಲವರಿಗಿತ್ತು. ನಾನು ಅವರನ್ನು ಕಟ್ಟೆಯ ಮೇಲೆ ಕಾಯಿ ಆರಿಸುವುದಕ್ಕಷ್ಟೇ ಬಿಟ್ಟೆ. ಕೆಸರಿಗಿಳಿದವರು ಬಳಚು ತೆಗೆಯುವ ಹೆಂಗಸರು ಮತ್ತು ಹರಿಕಂತ್ರ, ಅಂಬಿಗ ಮನೆಗಳ ಗಂಡಸರು, ಅವರಿಗೆ ಕೂಲಿ ಕೊಡಲಾಯಿತು. ಕೂಲಿಯಿಲ್ಲದ ಶ್ರಮದಾನದಲ್ಲಿ ಇಂಥ ಕೆಲಸ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ, ಏಕೆಂದರೆ ಕಟ್ಟೆಯ ಹಿಂದೆ ಜಮೀನಿಲ್ಲದವರೇ ಆ ಕೆಸರಿನಲ್ಲಿ ನಿಂತವರು.

ನೆಟ್ಟ ಮೇಲಿನ ಎರಡು ವರ್ಷ ಕಾಯುವ ಕೆಲಸ. ನೀರು ಉಪ್ಪಾಗುತ್ತಿದ್ದಂತೆ ಕೆಳಗಿನ ಸಾಲಿನ ಸಸಿಗಳ ದಂಟಿಗೆ ಬಾರ್ನಕಲ್ ಚಿಪ್ಪುಗಳು ಅಂಟಿಕೊಂಡವು. ಅವುಗಳ ಭಾರಕ್ಕೆ ಎಳೆಯ ದಂಟು ಬಾಗಿ ಕೆಸರಿಗೆ ಬಿದ್ದು ಕೊಳೆಯುತ್ತದೆ. ಕೈಯಿಂದ ಕೆರೆದು ತೆಗೆಯಲು ನೋಡಿದರೆ ದಂಟಿನ ಸಿಪ್ಪೆಯೂ ಬರುತ್ತದೆ, ಆದ್ದರಿಂದ ಆ ಸಾಲನ್ನು ಉಳಿಸುವ ಪ್ರಯತ್ನವನ್ನು ಕೈಬಿಟ್ಟು ಮೇಲಿನ ಸಾಲುಗಳನ್ನು ದಟ್ಟ ಮಾಡಿದೆವು. ಏಡಿಗಳು ಕೆಲವು ಸಸಿಗಳ ಬುಡವನ್ನು ಸುತ್ತ ಕಡಿದವು. ಎಮ್ಮೆಗಳಿಗೆ ಉಪ್ಪಟ್ಟಿಯ ಎಲೆಯ ಉಪ್ಪು ರುಚಿ ಬಹಳ ಇಷ್ಟ. ಬೇಲಿ ದಾಟಿ ಬಂದ ಒಂದು ಹಿಂಡು ಒಂದು ಮಧ್ಯಾಹ್ನದಲ್ಲಿ ಮಾಡುವ ಹಾನಿಯನ್ನು ನೆರೆ ಮಾಡುವುದಿಲ್ಲ. ತೇಲಿ ಬಂದ ಹರಿದ ಬಲೆ, ಪ್ಲಾಸ್ಟಿಕ್ ಚೀಲ, ಅಡಿಕೆ ಹಾಳೆಯ ತಟ್ಟೆ ಎಲ್ಲವೂ ಸಸಿಗಳಿಗೆ ಸುತ್ತಿಕೊಂಡು, ಇಳಿತದಲ್ಲಿ ಅವನ್ನು ಕಿತ್ತುಕೊಂಡೇ ಹೋಗುತ್ತವೆ. ದೊಡ್ಡ ಉಬ್ಬರದ ಮರುದಿನ ಸಾಲಿನುದ್ದಕ್ಕೂ ನಡೆದು ಕಸ ಬಿಡಿಸಲು ಇಬ್ಬರನ್ನು ಕೂಲಿಗೆ ಇಟ್ಟದ್ದೇ ಈ ಇಡೀ ಕೆಲಸದಲ್ಲಿ ಅತ್ಯಂತ ಉಪಯುಕ್ತ ಖರ್ಚು ಎಂದು ನನಗೆ ಅನಿಸುತ್ತದೆ. ಅನುದಾನದ ಪಟ್ಟಿಯಲ್ಲಿ ಅದಕ್ಕೆ ಶೀರ್ಷಿಕೆಯೇ ಇರಲಿಲ್ಲ. ನೆಟ್ಟ ಸಸಿಯ ಲೆಕ್ಕಕ್ಕೆ ಹಣವಿರುತ್ತದೆ, ಬದುಕಿದ ಸಸಿಯ ಲೆಕ್ಕಕ್ಕೆ ಇರುವುದಿಲ್ಲ. 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ ಮಿಷ್ಟಿ ಯೋಜನೆಯಲ್ಲಿ ದೇಶದಲ್ಲಿ 540 ಚದರ ಕಿಲೋಮೀಟರ್ ಕಾಂಡ್ಲಾ ಬೆಳೆಸುವ ಗುರಿಯಿದೆ. 2021ರ ಅರಣ್ಯ ವರದಿಯ ಪ್ರಕಾರ ಇಡೀ ಕರ್ನಾಟಕದಲ್ಲಿರುವುದು 13 ಚದರ ಕಿಲೋಮೀಟರ್. ಅಷ್ಟು ದೊಡ್ಡ ಗುರಿಯ ಸ್ವಲ್ಪ ಪಾಲಾದರೂ ಕಸ ಬಿಡಿಸುವವರ ಕೂಲಿಗೆ ಹೋದರೆ ಒಳ್ಳೆಯದಾದೀತು.

ಈಗಿನ ಸ್ಥಿತಿ ಹೀಗಿದೆ. ಮೊದಲ ಮತ್ತು ಎರಡನೆಯ ಬಗೆಯ ಜಾಗಗಳಲ್ಲಿ ಕಾಂಡ್ಲಾ ಆಳೆತ್ತರ ದಾಟಿದೆ, ಊರುಗೋಲು ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬೇಲಿ ಪೂರ್ತಿ ಕೊಳೆತು ಹೋಗಿದೆ, ಅದರ ಹಿಂದೆ ಕೂತ ಕೆಸರು ಮಾತ್ರ ಉಳಿದಿದೆ. ಗಿಡಗಳ ನಡುವೆ ನಾವು ನೆಡದ ಉಪ್ಪಟ್ಟಿ ಸಸಿಗಳು ತಾವಾಗಿ ಎದ್ದಿರುವುದನ್ನು ನೋಡಿ, ಜಾಗದ ಎತ್ತರ ಸರಿಯಾಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡವೆಂದು ಅರಣ್ಯ ಇಲಾಖೆಯವರೂ ಹೇಳಿದರು. ಆ ಭಾಗದ ಕಟ್ಟೆಗೆ ಈಚಿನ ಮಳೆಗಾಲಗಳಲ್ಲಿ ಮಣ್ಣು ಹಾಕಬೇಕಾಗಿ ಬಂದಿಲ್ಲ. ಬಿಟ್ಟ ತೆರಪಿನ ಎದುರು ಮಾತ್ರ ಪ್ರತಿ ವರ್ಷ ಮಣ್ಣು ಬೀಳುತ್ತದೆ. ಆ ಹಿರಿಯರ ಮಗ ಒಮ್ಮೆ ಕಾಯಿ ಕೇಳಿಕೊಂಡು ಬಂದಿದ್ದ, ತಂದೆಗೆ ಹೇಳಬೇಡಿ ಎಂದೂ ಸೇರಿಸಿದ. ತಂದೆಯ ಒಪ್ಪಿಗೆಯಿಲ್ಲದೆ ಕೊಡುವುದಿಲ್ಲವೆಂದು ಕಳಿಸಿದೆ.

ಇದನ್ನು ಓದಿ ಸಮುದ್ರದ ಎದುರು ದಂಡೆಯವರು ಕಾಂಡ್ಲಾ ನೆಡಲು ಹೊರಟರೆ ಅದು ವ್ಯರ್ಥ. ತೆರೆದ ಕಡಲಿನ ಮರಳ ತೀರದಲ್ಲಿ, ಆಷಾಢದ ಅಲೆ ನೇರ ಬಡಿಯುವ ಕಡೆ, ಕಾಂಡ್ಲಾ ಒಂದು ಮಳೆಗಾಲವೂ ನಿಲ್ಲದು. ಅಲ್ಲಿ ಮರಳ ದಿಬ್ಬವನ್ನು ಹಿಡಿಯುವ ಬಳ್ಳಿಗಳು, ಮುಳ್ಳು ಹುಲ್ಲು, ಮುಂಡಿಗೆ ಗಿಡ, ಇವುಗಳದ್ದು ಬೇರೆ ಕತೆ. ಮನೆಗಳು ಅಲೆಯ ಬಾಯಿಗೆ ಬಂದು ನಿಂತಿರುವ ಉಳ್ಳಾಲದಂಥ ಕಡೆಗಳ ಪ್ರಶ್ನೆ ಇನ್ನೂ ಬೇರೆ. ನಮ್ಮ ಅನುಭವ ಹೊಂದುವುದು ಅಳಿವೆಯ ಒಳಗಿನ, ಅಲೆ ಸಣ್ಣದಿರುವ, ಕೆಸರು ಸಿಗುವ ದಡಗಳಿಗೆ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ನೋಡಲು ಬರುವವರು ಹೆಚ್ಚಾಗಿದ್ದಾರೆ. ಸಮಿತಿಗೆ ಅದಕ್ಕಿಂತ ಹತ್ತಿರದ ಚಿಂತೆ ಗಿಡಗಳ ನಿರ್ವಹಣೆಯ ಹಣದ್ದು. ಗಜನಿಯ ಮೀನಿನ ಹರಾಜಿನಲ್ಲಿ ಬರುವ ಮೊತ್ತದಿಂದ ಒಂದು ಪಾಲನ್ನು ಕಸ ಬಿಡಿಸುವ ಕೂಲಿಗೆ ಎತ್ತಿಡುವುದೆಂದು ತೀರ್ಮಾನವಾಗಿದೆ, ಮತ್ತು ಹರಾಜಿನ ಕರಾರಿಗೆ ಎರಡು ಮಾತು ಸೇರಿಸಿದ್ದೇವೆ: ಹಿಡಿದವನು ಕಟ್ಟೆಯ ಹೊರಗಿನ ಗಿಡಗಳಿಗೆ ಬಲೆ ಕಟ್ಟಬಾರದು, ಜಂತ್ರಡೆಯ ಕಾಲುವೆಯಲ್ಲಿ ಎದ್ದ ಸಸಿಗಳ ವಿಷಯದಲ್ಲಿ ತಾನೇ ಕೈಹಾಕದೆ ಸಮಿತಿಗೆ ತಿಳಿಸಬೇಕು. ಇವುಗಳಿಂದ ತನ್ನ ಕೈ ಕಟ್ಟಿಹೋಗುತ್ತದೆ, ಮೊತ್ತ ಇಳಿಸಬೇಕು ಎಂದು ಈ ವರ್ಷ ಹರಾಜು ಹಿಡಿದವರು ಕೇಳಿದರು. ಗಿಡಗಳ ಬುಡದಲ್ಲಿ ಏಡಿ ಮತ್ತು ಸಿಗಡಿ ಮರಿ ಹೆಚ್ಚಾಗಿರುವುದನ್ನು ಅವರೇ ಹಿಂದಿನ ಸಭೆಯಲ್ಲಿ ಹೇಳಿಕೊಂಡಿದ್ದರಿಂದ ಸಮಿತಿ ಒಪ್ಪಲಿಲ್ಲ. ಮೊತ್ತ ಹಾಗೇ ಉಳಿಯಿತು, ಕರಾರಿಗೆ ಅವರು ಸಹಿ ಹಾಕಿದರು.